ಓಟು ಒಡೆಯದ ಮತಪತ್ರ

2020ರ ಡಿಸೆಂಬರ್. ಗ್ರಾಮ ಪಂಚಾಯಿತಿ ಚುನಾವಣೆಯ ನಾಮಪತ್ರ ವಾಪಸ್ ತೆಗೆದುಕೊಳ್ಳಲು ಅದೇ ಕೊನೆಯ ದಿನ. ಬೆಳಿಗ್ಗೆ ಎಂಟಕ್ಕೆಲ್ಲ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಮನೆ ಜಗಲಿಗೆ ಬಂದು ಕೂತಳು. ಕಾಫಿ ಬೇಡವೆಂದಳು. ಸಾಗರ ತಾಲ್ಲೂಕಿನ ನಮ್ಮ ಊರಿನಲ್ಲಿ ಅವಳನ್ನು ಅರಿಯದವರಿಲ್ಲ. ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಹತ್ತು ವರ್ಷ ಅವಳ ಕೈಯಲ್ಲಿತ್ತು, ಒಂದು ರೂಪಾಯಿ ಆಚೀಚೆ ಆಗಿದ್ದಿಲ್ಲ. ಕೆಳಗಿನ ಕೇರಿಯ ಕೊಳವೆಬಾವಿಯ ಮೋಟರ್ ಸುಟ್ಟು ಇಪ್ಪತ್ತು ದಿನವಾದರೂ ಯಾರೂ ತಿರುಗಿ ನೋಡದಿದ್ದಾಗ, ಗ್ರಾಮಸಭೆಯಲ್ಲಿ ಎದ್ದು ನಿಂತು ತಾರೀಕು ಸಮೇತ ಕೇಳಿದವಳು ಅವಳು. ಮೂರನೇ ದಿನ ಮೋಟರ್ ಬಂತು. ಅವಳು ನಾಮಪತ್ರ ಹಾಕಿದಳೆಂದು ಕೇಳಿ ನಾನು ಹಿಗ್ಗಿದ್ದೆ.

ಹಿಂದಿನ ರಾತ್ರಿ ಅವರ ಮನೆಗೆ ಮೂವರು ಹಿರಿಯರು ಬಂದು ಹೋಗಿದ್ದರು. ಬೈಯಲಿಲ್ಲ, ಹೆದರಿಸಲೂ ಇಲ್ಲ. ‘ನೀನು ಒಳ್ಳೆಯವಳೇ ಮಾರಾಯ್ತಿ. ಆದ್ರೆ ನೀನು ನಿಂತ್ರೆ ಓಟು ಒಡೀತದೆ. ನಮ್ಮ ಓಟು ಒಡೆದು ಅವರು ಬಂದ್ರೆ ಆ ಪಾಪ ಯಾರ ತಲೆಗೆ?’ ಎಂದು ಕೇಳಿ, ಕೊಟ್ಟ ಮಜ್ಜಿಗೆ ಕುಡಿದು ಹೋಗಿದ್ದರು.

‘ಟೀಚರೇ, ಲೆಕ್ಕ ಹೇಳಿಕೊಟ್ಟವರು ನೀವು. ನಾನು ನಿಂತ್ರೆ ಖಂಡಿತ ಓಟು ಒಡೀತದಾ?’ ಎಂದು ಕೇಳಿದಳು.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು ನಾನು. ಸುಳ್ಳು ಹೇಳುವುದಾಗಲಿಲ್ಲ. ಒಡೆಯುತ್ತದೆ ಎಂದೆ. ಅವಳು ಸ್ವಲ್ಪ ಹೊತ್ತು ಅಂಗಳ ನೋಡುತ್ತ ಕೂತಿದ್ದು, ಹನ್ನೊಂದರ ಹೊತ್ತಿಗೆ ಹೋಗಿ ನಾಮಪತ್ರ ವಾಪಸ್ ತೆಗೆದುಕೊಂಡಳು.

ನಾನು ಹೇಳಿದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ ಲೆಕ್ಕ ಹುಟ್ಟುವುದು ನಮ್ಮ ಮತಪತ್ರದಲ್ಲಿ ಎಂಬುದನ್ನು ಆ ದಿನ ಅವಳಿಗೆ ಹೇಳಲಾಗಲಿಲ್ಲ. ಅದನ್ನು ಈಗ ಎಲ್ಲರೆದುರು ಹೇಳಬೇಕೆಂದು ಬರೆಯುತ್ತಿದ್ದೇನೆ. ಪಂಚಾಯಿತಿ, ಪುರಸಭೆ, ನಗರಸಭೆಗಳ ಚುನಾವಣೆಗೆ ಪ್ರಾಶಸ್ತ್ಯ ಮತ ಬರಬೇಕು. ಒಬ್ಬರಿಗೆ ಸೀಲು ಒತ್ತಿ ಮುಗಿಸುವ ಬದಲು ಇವರು ನನಗೆ ಒಂದನೆಯವರು, ಇವರು ಎರಡನೆಯವರು, ಇವರು ಮೂರನೆಯವರು ಎಂದು ಹೇಳಲು ಮತದಾರರಿಗೆ ಅವಕಾಶ ಬೇಕು.

2015ರ ಜೂನ್‌ನಲ್ಲಿ ಪಂಚಾಯಿತಿ ಮತ ಎಣಿಕೆಗೆ ನನ್ನನ್ನೂ ಹಾಕಿದ್ದರು. ಕಾಲೇಜಿನ ಕೊಠಡಿ, ಜೋಡಿಸಿದ ಬೆಂಚುಗಳು, ಹಗ್ಗದ ಆಚೆ ಅಭ್ಯರ್ಥಿಗಳು, ಏಜೆಂಟರು. ಪೆಟ್ಟಿಗೆ ಸುರಿದು, ಮಡಿಕೆ ಬಿಡಿಸಿ, ಚಿಹ್ನೆವಾರು ಬೇರೆ ಮಾಡಿ, ಇಪ್ಪತ್ತೈದರ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕುವುದು ನಮ್ಮ ಕೆಲಸ. ಒಂದು ವಾರ್ಡಿನಲ್ಲಿ ಒಂದೇ ಸ್ಥಾನಕ್ಕೆ ಐವರು ನಿಂತಿದ್ದರು. ಅವರಲ್ಲಿ ಇಬ್ಬರು ದಾಯಾದಿಗಳು, ಒಂದೇ ಕಡೆಯವರು. ಎಣಿಸಿ ಮುಗಿದಾಗ ಆ ಇಬ್ಬರ ಕಟ್ಟುಗಳನ್ನು ಕೂಡಿಸಿದರೆ ಅರ್ಧಕ್ಕಿಂತ ಹೆಚ್ಚಿದ್ದವು. ಗೆದ್ದವರಿಗೆ ಬಿದ್ದದ್ದು ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಅವರನ್ನು ಬೇಡವೆಂದವರೇ ಮೂರರಲ್ಲಿ ಎರಡು ಪಾಲು.

ಸೋತ ಕಡೆಯ ಏಜೆಂಟರೊಬ್ಬರು, ವಯಸ್ಸಾದವರು, ಹಗ್ಗದ ಆಚೆಯಿಂದ ಹೇಳಿದರು: ‘ಅಕ್ಕೋರೆ, ಇಬ್ಬರಲ್ಲಿ ಯಾರಾದ್ರೂ ಆಗಬಹುದಿತ್ತು ಅನ್ನೋರೇ ಈ ವಾರ್ಡಲ್ಲಿ ಹೆಚ್ಚು. ಅದನ್ನ ಹೇಳೋಕೆ ಆ ಚೀಟಿಯಲ್ಲಿ ಜಾಗ ಎಲ್ಲಿದೆ?’

ಆ ಮಾತು ನನ್ನನ್ನು ಬಿಟ್ಟಿಲ್ಲ. ಗೆದ್ದವರು ಕೆಟ್ಟವರೇನಲ್ಲ, ಐದು ವರ್ಷ ತಕ್ಕಮಟ್ಟಿಗೆ ಕೆಲಸ ಮಾಡಿದರು. ಕೇಡಾದದ್ದು ಆಮೇಲೆ. ‘ಆ ವಾರ್ಡಲ್ಲಿ ಏನಾಯ್ತು ಗೊತ್ತಲ್ಲ’ ಎಂಬ ಮಾತು ಸುತ್ತಲಿನ ಊರುಗಳಲ್ಲಿ ಹೊಸದಾಗಿ ನಿಲ್ಲಹೊರಟ ಪ್ರತಿಯೊಬ್ಬರ ಬಾಯಿ ಮುಚ್ಚಿಸುವ ಉದಾಹರಣೆಯಾಯಿತು. ನನ್ನ ವಿದ್ಯಾರ್ಥಿನಿಗೆ ಆ ರಾತ್ರಿ ಹೇಳಿದ್ದೂ ಅದನ್ನೇ. ಓಟು ಒಡೆಯುವ ಭಯ ಎಲ್ಲರನ್ನೂ ಒಂದೇ ಸಮ ಕಾಡುವುದಿಲ್ಲ. ಮೊದಲಿನಿಂದ ಇದ್ದವರಿಗೆ ಯಾರೂ ಹಿಂದೆ ಸರಿಯಿರಿ ಎನ್ನುವುದಿಲ್ಲ. ಹಾಗೆನ್ನಿಸಿಕೊಳ್ಳುವವರು ಹೊಸಬರು, ಹೆಂಗಸರು, ಹಿಂದೆ ದೊಡ್ಡ ಮನೆತನವಿಲ್ಲದವರು. ಅವಿರೋಧ ಆಯ್ಕೆಯಾಯಿತೆಂದು ಹಾರ ಹಾಕಿ ಫೋಟೊ ತೆಗೆಸಿಕೊಳ್ಳುವ ಎಷ್ಟೋ ಕಡೆ ಅದರ ಹಿಂದಿನ ರಾತ್ರಿ ಯಾರದೋ ಜಗಲಿಯಲ್ಲಿ ಈ ಮಾತು ನಡೆದಿರುತ್ತದೆ.

ಪ್ರಾಶಸ್ತ್ಯ ಮತದ ಎಣಿಕೆ ಸರಳ. ಮೊದಲು ಎಲ್ಲರ ಒಂದನೇ ಪ್ರಾಶಸ್ತ್ಯ ಎಣಿಸುತ್ತಾರೆ. ಒಂದೇ ಸ್ಥಾನವಾದರೆ ಅರ್ಧಕ್ಕಿಂತ ಒಂದು ಹೆಚ್ಚು ಪಡೆದವರು ಗೆದ್ದಂತೆ. ಯಾರಿಗೂ ಅಷ್ಟು ಬರದಿದ್ದರೆ ಎಲ್ಲರಿಗಿಂತ ಕಡಿಮೆ ಬಂದವರನ್ನು ಕೈಬಿಟ್ಟು, ಅವರ ಕಟ್ಟು ಬಿಚ್ಚಿ, ಪ್ರತಿ ಚೀಟಿಯಲ್ಲೂ ಎರಡು ಎಂದು ಯಾರಿಗೆ ಬರೆದಿದೆ ನೋಡಿ ಆ ಕಟ್ಟಿಗೆ ಸೇರಿಸುತ್ತಾರೆ. ಯಾರಾದರೂ ಅರ್ಧ ದಾಟುವವರೆಗೆ, ಇಲ್ಲವೇ ಇಬ್ಬರೇ ಉಳಿಯುವವರೆಗೆ ಹೀಗೇ. ಆ ವಾರ್ಡಿನ ದಾಯಾದಿಗಳಲ್ಲಿ ಹಿಂದೆ ಬಿದ್ದವರ ಚೀಟಿಗಳು ಇನ್ನೊಬ್ಬರಿಗೆ ಹೋಗುತ್ತಿದ್ದವು. ಇಬ್ಬರೂ ನಿಂತದ್ದರಿಂದ ಯಾರಿಗೂ ನಷ್ಟವಾಗುತ್ತಿರಲಿಲ್ಲ.

ಇದು ಹೊರಗಿನಿಂದ ತಂದ ಹೊಸ ಪದ್ಧತಿ ಎನ್ನುವವರು ನಮ್ಮ ವಿಧಾನ ಪರಿಷತ್ತನ್ನು ನೋಡಬೇಕು. ಅದರ 75 ಸ್ಥಾನಗಳಲ್ಲಿ 11 ನಾಮಕರಣದವು. ಉಳಿದ 64, ಅಂದರೆ ಶಾಸಕರು ಆರಿಸುವ 25, ಸ್ಥಳೀಯ ಸಂಸ್ಥೆಗಳ 25, ಪದವೀಧರರ 7, ಶಿಕ್ಷಕರ 7, ಎಲ್ಲವೂ ಪ್ರಾಶಸ್ತ್ಯ ಮತದಿಂದಲೇ ತುಂಬುವಂಥವು. ರಾಜ್ಯಸಭೆಗೂ ಹಾಗೆಯೇ. ಸಂವಿಧಾನ ರಚನಾ ಸಭೆಗೆ 1946ರಲ್ಲಿ ಪ್ರಾಂತಗಳ ಶಾಸಕರು ಸದಸ್ಯರನ್ನು ಕಳಿಸಿದ್ದೂ ಈ ಬಗೆಯ ಮತದಿಂದಲೇ.

ರಾಷ್ಟ್ರಪತಿ ಚುನಾವಣೆಯದು ನನಗೆ ಚಿಕ್ಕಂದಿನಿಂದ ನೆನಪಿದೆ. 1969ರಲ್ಲಿ ನನಗೆ ಹತ್ತು ವರ್ಷ. ಆ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗಲೇ ಪಕ್ಷದ ಹಿರಿಯರು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿದ್ದು. ಎದುರು ನಿಂತವರು ಅದಕ್ಕೆ ಮೊದಲು ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ. ಮೂರನೆಯವರು ಸಿ.ಡಿ. ದೇಶಮುಖ್. ಪೋಸ್ಟ್ ಮಾಸ್ತರರಾಗಿದ್ದ ನಮ್ಮಪ್ಪ ರೇಡಿಯೊ ಪಕ್ಕ ಕೂತು ಅಂಕಿ ಬರೆದುಕೊಂಡಿದ್ದರು. ಗೆಲ್ಲಲು ಬೇಕಿದ್ದ ಮತಮೌಲ್ಯ 4,18,169. ಗಿರಿಯವರಿಗೆ ಮೊದಲ ಎಣಿಕೆಯಲ್ಲಿ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಎರಡನೇ ಪ್ರಾಶಸ್ತ್ಯ ಕೂಡಿಸಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ‘ಎರಡನೇ ಓಟಲ್ಲಿ ಗೆದ್ದರು’ ಎಂದು ಅಪ್ಪ ಅಮ್ಮನಿಗೆ ಹೇಳಿದ್ದು ಕಿವಿಯಲ್ಲಿದೆ. ಓಟಿಗೆ ಎರಡನೆಯದೂ ಇರುತ್ತದೆ ಎಂದು ನನಗೆ ತಿಳಿದದ್ದು ಆಗ.

ರಾಷ್ಟ್ರಪತಿ, ಶಾಸಕ, ಪದವೀಧರ ಎಲ್ಲ ಸರಿ, ಹಳ್ಳಿಯವರಿಗೆ ಇದು ಆಗುವುದುಂಟೇ ಎಂದು ಕೇಳುತ್ತಾರೆ. ಅದಕ್ಕೆ ನಮ್ಮ ಎದುರು ಮನೆಯ ಅಕ್ಕನನ್ನೇ ತೋರಿಸುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. 2020ರಲ್ಲಿ ಪಂಚಾಯಿತಿ ಸದಸ್ಯೆಯಾದರು. ಮರುವರ್ಷ ಡಿಸೆಂಬರ್ 10ರಂದು ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಪರಿಷತ್ತಿಗೆ ಚುನಾವಣೆ ಬಂತು. ಊರಿನವರ ಒಂದು ಸೀಲಿನಿಂದ ಗೆದ್ದುಬಂದ ಈ ಅಕ್ಕ ಈಗ ತಾವೇ 1, 2, 3 ಎಂದು ಬರೆದು ಮತ ಹಾಕಬೇಕಿತ್ತು.

ಹಿಂದಿನ ದಿನ ಸಂಜೆ ನಮ್ಮ ಮನೆಗೆ ಬಂದರು. ಹಳೆಯ ಕ್ಯಾಲೆಂಡರ್ ಹಾಳೆಯೊಂದರ ಬೆನ್ನಿಗೆ ನಾನು ಮನೆ ಎಳೆದು ಕೊಟ್ಟೆ. ಬಾಳೆಕಾಯಿ, ಬದನೆ, ಹೀರೆ, ಸೌತೆ ಎಂದು ಹೆಸರು ಬರೆದು, ನಿಮಗೆ ಯಾವುದು ಮೊದಲು, ಯಾವುದು ಆಮೇಲೆ, ನಂಬರ್ ಹಾಕಿ ಎಂದೆ. ಅಕ್ಕ ಕನ್ನಡದಲ್ಲಿ ೧ ಎಂದು ಬರೆದು ತಲೆಯೆತ್ತಿ, ಇದು ನಡೆಯುತ್ತದಾ ಎಂದರು. ನಡೆಯುತ್ತದೆ, ನಿಯಮದಲ್ಲೇ ಇದೆ ಎಂದೆ. ಆಮೇಲೆ ೨ ಬರೆಯುವ ಮೊದಲು ಕೈ ತಡೆದು ಕೇಳಿದರು: ‘ಎರಡು ಹಾಕಿದ್ರೆ ಒಂದನೇದಕ್ಕೆ ಏಟು ಬೀಳ್ತದಾ? ಎರಡು ಹಾಕಲೇಬೇಡಿ ಅಂದಿದಾರೆ.’

ಏಟು ಬೀಳುವುದಿಲ್ಲ. ಒಂದನೆಯವರು ಸ್ಪರ್ಧೆಯಲ್ಲಿ ಇರುವವರೆಗೆ ಎರಡನೆಯದನ್ನು ಯಾರೂ ತೆರೆದು ನೋಡುವುದೇ ಇಲ್ಲ. ಪರಿಷತ್ ಚುನಾವಣೆ ಬಂದಾಗಲೆಲ್ಲ ‘ಒಂದೇ ಒಂದು ಹಾಕಿ, ಎರಡು ಹಾಕಬೇಡಿ’ ಎಂದು ಮತದಾರರಿಗೆ ಹೇಳಿಕೊಡುವವರು ಅವರ ಕೈಯಲ್ಲಿದ್ದ ಹಕ್ಕಿನ ಅರ್ಧವನ್ನು ಕಿತ್ತುಕೊಳ್ಳುತ್ತಿದ್ದಾರೆ ಎಂದೇ ನನ್ನ ಮಾತು. ಮರುದಿನ ಅಕ್ಕ ಪಂಚಾಯಿತಿ ಕಚೇರಿಯ ಮತಗಟ್ಟೆಯಲ್ಲಿ ನೇರಳೆ ಬಣ್ಣದ ಸ್ಕೆಚ್ ಪೆನ್ ಹಿಡಿದು ಬರೆದು ಬಂದರು. ಅವರಂಥ ಸಾವಿರಾರು ಸದಸ್ಯರು ರಾಜ್ಯದ ಉದ್ದಗಲಕ್ಕೂ ಅಂದು ಅದನ್ನೇ ಮಾಡಿದರು. ಅವರಲ್ಲಿ ಕೂಲಿ ಮಾಡುವವರಿದ್ದರು, ದನ ಕಾಯುವವರಿದ್ದರು, ಸಹಿಗಿಂತ ಹೆಚ್ಚು ಬರೆದು ರೂಢಿಯಿಲ್ಲದವರೂ ಇದ್ದರು. ಸದಸ್ಯೆಗೆ ಸಾಧ್ಯವಾದದ್ದು ಅವರನ್ನು ಆರಿಸಿದ ನೆರೆಮನೆಯವರಿಗೆ ಅಸಾಧ್ಯ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಶಾಲೆಯಲ್ಲೂ ಒಮ್ಮೆ ಮಾಡಿಸಿ ನೋಡಿದ್ದೇನೆ. 2017ರ ಜೂನ್‌ನಲ್ಲಿ ಶಾಲಾ ಸಂಸತ್ತಿನ ಚುನಾವಣೆ, ನಾಯಕ ಸ್ಥಾನಕ್ಕೆ ನಾಲ್ವರು. ಒಟ್ಟು 96 ಚೀಟಿ, ಗೆಲ್ಲಲು 49 ಬೇಕು. ಮೊದಲ ಸುತ್ತಿನಲ್ಲಿ ಕಬಡ್ಡಿ ತಂಡದ ಹುಡುಗನಿಗೆ 34, ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ 29, ಉಳಿದಿಬ್ಬರಿಗೆ 21 ಮತ್ತು 12. ಸೀಲಿನ ಲೆಕ್ಕವಾದರೆ ಅಲ್ಲಿಗೆ ಮುಗಿದಿತ್ತು. ನಾವು 12ರ ಕಟ್ಟು ಬಿಚ್ಚಿದೆವು. ಎಂಟು ಹುಡುಗಿಗೆ ಹೋದವು, ಮೂರು 21ರವನಿಗೆ, ಒಂದು ಕಬಡ್ಡಿಯವನಿಗೆ. ಈಗ 35, 37, 24. ಆ 24ನ್ನೂ ಬಿಚ್ಚಿದಾಗ 14 ಹುಡುಗಿಗೆ, ಆರು ಹುಡುಗನಿಗೆ, ನಾಲ್ಕರಲ್ಲಿ ಮುಂದಿನ ನಂಬರೇ ಇರಲಿಲ್ಲ. ಹುಡುಗಿಗೆ 51, ಹುಡುಗನಿಗೆ 41. ಮಕ್ಕಳೇ ಬೋರ್ಡಿನ ಮೇಲೆ ಬರೆದು ಕೂಡಿಸಿದರು. ಒಂದು ಪೀರಿಯಡ್ ಸಹ ಬೇಕಾಗಲಿಲ್ಲ.

‘ಫಸ್ಟ್ ಬಂದಿದ್ದು ನಾನು ಟೀಚರ್’ ಎಂದು ಕಬಡ್ಡಿ ಹುಡುಗ ಮುಖ ಸಣ್ಣದು ಮಾಡಿದ. ನ್ಯಾಯವಾದ ಸಂಕಟ. ಅವನನ್ನು ಸ್ಟಾಫ್ ರೂಮಿಗೆ ಕರೆದು ಚೀಟಿಗಳನ್ನು ಮತ್ತೆ ಹರಡಿದೆ. ನೀವಿಬ್ಬರೇ ನಿಂತಿದ್ದರೆ ಯಾರ್ಯಾರು ಯಾರ ಕಡೆ ಎಂದು ನೀನೇ ಬೇರೆ ಮಾಡು ಎಂದೆ. ಮಾಡಿದ. ಸುಮ್ಮನಾದ. ಆ ವರ್ಷವಿಡೀ ಆ ಹುಡುಗಿಯ ಮಂತ್ರಿಮಂಡಲದಲ್ಲಿ ಕ್ರೀಡಾಮಂತ್ರಿಯಾಗಿ ಓಡಾಡಿದ.

ಇದೇ ಸಂಕಟ ದೊಡ್ಡ ಊರುಗಳಲ್ಲೂ ಎದ್ದಿದೆ, ಅದನ್ನು ಮುಚ್ಚಿಡಬಾರದು. ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಎಂಬ ಪಟ್ಟಣದಲ್ಲಿ 2009ರ ಮೇಯರ್ ಚುನಾವಣೆಯ ಮೊದಲ ಎಣಿಕೆಯಲ್ಲಿ ಕರ್ಟ್ ರೈಟ್ ಮುಂದಿದ್ದರು, ಕೊನೆಗೆ ಬಾಬ್ ಕಿಸ್ ಗೆದ್ದರು. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿತ್ತು. ಮೂರನೆಯವರಾದ ಆಂಡಿ ಮಾಂಟ್ರೋಲ್ ಈ ಇಬ್ಬರಲ್ಲಿ ಯಾರ ಎದುರು ಒಬ್ಬೊಬ್ಬರಾಗಿ ನಿಂತಿದ್ದರೂ ಗೆಲ್ಲುತ್ತಿದ್ದರೆಂದು ಚೀಟಿಗಳೇ ಹೇಳುತ್ತಿದ್ದವು, ಆದರೆ ಒಂದನೇ ಪ್ರಾಶಸ್ತ್ಯ ಕಡಿಮೆಯಿದ್ದುದರಿಂದ ಅವರು ಮೊದಲೇ ಹೊರಬಿದ್ದಿದ್ದರು. ಮರುವರ್ಷ ಆ ಊರಿನವರು ಪದ್ಧತಿಯನ್ನೇ ಕೈಬಿಟ್ಟರು. ಹೌದು, ಪ್ರಾಶಸ್ತ್ಯ ಮತವೂ ಎಡವುವುದುಂಟು. ಹಾಗೆ ಎಡವುವುದು ವಿರಳ. ಸೀಲಿನ ಮತ ಐವರು ನಿಂತ ಕಡೆಯೆಲ್ಲ ಎಡವುವ ಸಂಭವವಿದೆ. ಹತ್ತು ವರ್ಷ ಕಳೆದ ಮೇಲೆ ಬರ್ಲಿಂಗ್ಟನ್ ಕೂಡ ತನ್ನ ನಗರಸಭೆಯ ಚುನಾವಣೆಗೆ ಪ್ರಾಶಸ್ತ್ಯ ಮತವನ್ನು ಮತ್ತೆ ತಂದುಕೊಂಡಿತು.

ನ್ಯೂಯಾರ್ಕ್ ನಗರದ ಅನುಭವ ನಮಗೆ ಎರಡು ಪಾಠ ಕೊಡುತ್ತದೆ. 2021ರಲ್ಲಿ ಮೇಯರ್ ಸ್ಥಾನದ ಪಕ್ಷದೊಳಗಿನ ಆಯ್ಕೆಗೆ ಅಲ್ಲಿ ಮೊದಲ ಸಲ ಈ ಪದ್ಧತಿ ಬಂದಾಗ, ಪರೀಕ್ಷೆಗೆಂದು ಯಂತ್ರದಲ್ಲಿ ಹಾಕಿದ್ದ ಸುಮಾರು 1,35,000 ಚೀಟಿಗಳನ್ನು ತೆಗೆಯದೆ ಲೆಕ್ಕ ಪ್ರಕಟಿಸಿ, ಆಮೇಲೆ ಹಿಂತೆಗೆದುಕೊಂಡರು. ಜನರ ನಂಬಿಕೆಗೆ ಅದೊಂದು ಪೆಟ್ಟು. ಎಣಿಕೆ ಎಲ್ಲರ ಕಣ್ಣೆದುರು, ಕೈಯಿಂದ ನಡೆದರೆ ಅಂಥದ್ದಕ್ಕೆ ಎಡೆಯಿಲ್ಲ. ನಮ್ಮ ಪಂಚಾಯಿತಿಗಳಲ್ಲಿ ಅದು ಸುಲಭಸಾಧ್ಯ. ಎರಡನೆಯದು 2025ರದು. ಅದೇ ಸ್ಥಾನಕ್ಕೆ ಪೈಪೋಟಿ ಮಾಡುತ್ತಿದ್ದ ಜೊಹ್ರಾನ್ ಮಮ್ದಾನಿ ಮತ್ತು ಬ್ರಾಡ್ ಲ್ಯಾಂಡರ್ ‘ನನಗೆ ಒಂದು ಹಾಕಿ, ಇವರಿಗೆ ಎರಡು ಹಾಕಿ’ ಎಂದು ಒಬ್ಬರಿಗಾಗಿ ಒಬ್ಬರು ಓಟು ಕೇಳಿದರು. ಇಬ್ಬರಲ್ಲಿ ಒಬ್ಬರೂ ನಾಮಪತ್ರ ವಾಪಸ್ ತೆಗೆದುಕೊಳ್ಳಬೇಕಾಗಿರಲಿಲ್ಲ. ಪಂಚಾಯಿತಿ ಚುನಾವಣೆ ಮುಗಿದ ಮೇಲೆ ವರ್ಷಗಟ್ಟಲೆ ಮಾತು ಬಿಡುವ ಅಣ್ಣತಮ್ಮಂದಿರನ್ನು, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗದ ಕೇರಿಗಳನ್ನು ನೋಡಿದವಳಿಗೆ ಇದು ಸಣ್ಣ ವಿಷಯವಲ್ಲ. ನಾಳೆ ಆ ಮನೆಯವರ ಎರಡನೇ ಓಟು ಬೇಕಾಗಬಹುದು ಎಂದಾದರೆ ಇಂದು ಅವರ ಬಾಗಿಲಿಗೂ ಹೋಗಬೇಕಾಗುತ್ತದೆ, ನಾಲಿಗೆಯನ್ನೂ ಬಿಗಿ ಹಿಡಿಯಬೇಕಾಗುತ್ತದೆ.

ತಿರಸ್ಕೃತ ಮತಗಳ ಮಾತಿಗೆ ಬರುತ್ತೇನೆ. ಪದವೀಧರರ, ಶಿಕ್ಷಕರ ಕ್ಷೇತ್ರಗಳಲ್ಲೇ ತಿರಸ್ಕೃತ ಮತಗಳು ಸಾವಿರದ ಲೆಕ್ಕದಲ್ಲಿ ಬೀಳುತ್ತವೆ. ಓದಿದವರೇ ರೈಟ್ ಮಾರ್ಕ್ ಹಾಕುತ್ತಾರೆ, ಸಹಿ ಹಾಕುತ್ತಾರೆ, ಜೇಬಿನ ಪೆನ್ನಿನಿಂದ ಬರೆಯುತ್ತಾರೆ. ಅಂಥದ್ದರಲ್ಲಿ ಹಳ್ಳಿಯಲ್ಲಿ ಏನಾದೀತು ಎಂಬ ಪ್ರಶ್ನೆ ನ್ಯಾಯವಾದದ್ದು. 1949ರ ಜನವರಿಯಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಅವರು ಪ್ರಮಾಣಾನುಗುಣ ಪ್ರಾತಿನಿಧ್ಯದ ತಿದ್ದುಪಡಿ ತಂದಾಗ ಅಂಬೇಡ್ಕರ್ ಅವರು ಒಪ್ಪದಿರಲು ಕೊಟ್ಟ ಕಾರಣಗಳಲ್ಲಿ ಇದೂ ಒಂದು: ಅಂಕಿ ಗುರುತಿಸಿ ಬರೆಯುವಷ್ಟಾದರೂ ಅಕ್ಷರ ಬಲ್ಲ ಮತದಾರರು ಬೇಕು, ನಮ್ಮಲ್ಲಿ ಇಲ್ಲ. ಆಗ ಅದು ನಿಜ. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ 18ರ ಆಸುಪಾಸು. 2011ರಲ್ಲಿ ಕರ್ನಾಟಕದ್ದು ಶೇ 75 ದಾಟಿತ್ತು. ಸ್ಥಿರ ಸರ್ಕಾರ ಬೇಕೆಂಬುದು ಅವರ ಇನ್ನೊಂದು ಕಾರಣ. ಪಕ್ಷದ ಚಿಹ್ನೆಯೇ ಇಲ್ಲದೆ ನಡೆಯುವ ಗ್ರಾಮ ಪಂಚಾಯಿತಿಗೆ ಅದು ಅನ್ವಯಿಸಲಾರದು.

ಆದರೂ ನಾಲ್ವರಲ್ಲಿ ಒಬ್ಬರನ್ನು ಹೊರಗೆ ನಿಲ್ಲಿಸುವ ಮತಪತ್ರ ನನಗೆ ಬೇಡ. ಅದಕ್ಕೆ ಅಂಕಿ ಬರೆಸಲೇಬೇಕೆಂದಿಲ್ಲ. ನ್ಯೂಯಾರ್ಕಿನ ಮತಪತ್ರದಲ್ಲಿ ಹೆಸರುಗಳ ಎದುರು ಒಂದನೆಯದು, ಎರಡನೆಯದು ಎಂದು ಸಾಲಾಗಿ ಮನೆಗಳಿರುತ್ತವೆ, ಬೇಕಾದ ಮನೆ ತುಂಬಿದರಾಯಿತು. ನಮ್ಮದೂ ಹಾಗೇ ಇರಲಿ. ಹೆಸರು, ಚಿಹ್ನೆ, ಎದುರಿಗೆ ಮೂರು ಮನೆ. ಮೊದಲ ಮನೆಯ ಮೇಲೆ ಒಂದು ಚುಕ್ಕಿ, ಎರಡನೆಯದರ ಮೇಲೆ ಎರಡು, ಮೂರನೆಯದರ ಮೇಲೆ ಮೂರು. ಕೈಯಲ್ಲಿ ಈಗಿನ ಅದೇ ಸೀಲು. ಒಂದೇ ಸೀಲು ಹಾಕಿ ಬಂದರೂ ಅದು ಒಂದನೇ ಪ್ರಾಶಸ್ತ್ಯವೆಂದು ಎಣಿಕೆಯಾಗಲಿ. ರೈಟ್ ಮಾರ್ಕ್ ಹಾಕಿದ್ದರೂ ಉದ್ದೇಶ ಸ್ಪಷ್ಟವಿದ್ದರೆ ತಿರಸ್ಕರಿಸುವುದು ಬೇಡ. ಪರಿಷತ್ ಚುನಾವಣೆಯ ಕಟ್ಟುನಿಟ್ಟನ್ನು ಪಂಚಾಯಿತಿಗೂ ತಂದು ಹೇರಬೇಕಾಗಿಲ್ಲ. ಎಣಿಕೆ ತಡವಾಗುತ್ತದೆ ಎಂಬ ದೂರಿಗೂ ಇಲ್ಲಿ ಅರ್ಥವಿಲ್ಲ. ಹತ್ತಾರು ಸಾವಿರ ಮತಗಳ ಪರಿಷತ್ ಕ್ಷೇತ್ರದಲ್ಲಿ ರಾತ್ರಿಯಿಡೀ ಎಣಿಸುತ್ತಾರೆ, ನಿಜ. ಕೆಲವೇ ನೂರು ಮತಗಳಿರುವ ವಾರ್ಡಿನಲ್ಲಿ ಎರಡು ಕಟ್ಟು ಬಿಚ್ಚಿ ಹಂಚಲು ಅರ್ಧ ಗಂಟೆ ಸಾಕು. ಆ ಕೆಲಸ ಮಾಡುವವರು ನನ್ನಂಥ ಶಿಕ್ಷಕರೇ, ಅವರಲ್ಲಿ ಎಷ್ಟೋ ಜನ ತಮ್ಮದೇ ಕ್ಷೇತ್ರದಲ್ಲಿ ಇದೇ ಪದ್ಧತಿಯಲ್ಲಿ ಮತ ಹಾಕಿದವರು.

ಇಷ್ಟೆಲ್ಲ ಹೇಳಿಕೊಂಡು ತಿರುಗುತ್ತಿದ್ದ ನನ್ನನ್ನು ಹಳೆಯ ಸಹೋದ್ಯೋಗಿಯೊಬ್ಬರು ತಡೆದು ನಿಲ್ಲಿಸಿದರು. ಸಮಾಜ ವಿಜ್ಞಾನದ ಮೇಷ್ಟ್ರು, ದಲಿತರು, ನನಗಿಂತ ಹೆಚ್ಚು ಚುನಾವಣೆಗಳನ್ನು ಒಳಗಿನಿಂದ ಕಂಡವರು. ‘ಮೇಡಂ, ನಿಮ್ಮ ಲೆಕ್ಕ ಸರಿ. ಆದ್ರೆ ಮೀಸಲಾತಿ ಇಲ್ಲದ ಸೀಟಲ್ಲಿ ನಮ್ಮವರು ಗೆದ್ದಿದ್ದನ್ನ ನಾನು ನೋಡಿದ್ದು ದೊಡ್ಡ ಜಾತಿಯವರ ಓಟು ಒಡೆದಾಗ ಮಾತ್ರ. ನೀವು ಒಡೆಯದ ಹಾಗೆ ಮಾಡ್ತೀರಿ. ಆಮೇಲೆ ನಾವೆಲ್ಲಿ?’

ಎರಡು ದಿನ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಅವರು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಏನೂ ಇರಲಿಲ್ಲ. ಒಂದೇ ಸ್ಥಾನ, ಅರ್ಧಕ್ಕಿಂತ ಹೆಚ್ಚು ಎಂದರೆ ಊರಲ್ಲಿ ಅರ್ಧಕ್ಕಿಂತ ಹೆಚ್ಚು ಇರುವವರದೇ ಕೊನೆಯ ಮಾತು. ಆಗ ನಾನು ಪಂಚಾಯಿತಿ ವಾರ್ಡುಗಳನ್ನು ಮತ್ತೆ ನೋಡಿದೆ. ನಮ್ಮಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಎಷ್ಟೋ ವಾರ್ಡುಗಳಲ್ಲಿ ಎರಡು, ಮೂರು, ನಾಲ್ಕು ಸ್ಥಾನಗಳಿರುತ್ತವೆ, ಮತದಾರರಿಗೆ ಎಷ್ಟು ಸ್ಥಾನವೋ ಅಷ್ಟು ಓಟು. ಕೇಳಲು ಉದಾರವಾಗಿದೆ. ಆದರೆ ಮೂರು ಸ್ಥಾನದ ವಾರ್ಡಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿರುವ ಒಂದು ಗುಂಪು ತನ್ನ ಮೂವರಿಗೂ ಒಗ್ಗಟ್ಟಾಗಿ ಸೀಲು ಒತ್ತಿದರೆ ಮೂರು ಸ್ಥಾನವೂ ಅದರದ್ದೇ. ಉಳಿದವರೆಲ್ಲ ಸೇರಿದರೂ ಸೊನ್ನೆ.

ಅದೇ ವಾರ್ಡಿನಲ್ಲಿ ಪ್ರಾಶಸ್ತ್ಯ ಮತವಿದ್ದರೆ ಲೆಕ್ಕ ಬದಲಾಗುತ್ತದೆ. ರಾಜ್ಯಸಭೆಗೆ ಮಾಡುವಂತೆ, ಚಲಾವಣೆಯಾದ ಮತವನ್ನು ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿ ಭಾಗಿಸಿ, ಬಂದದ್ದಕ್ಕೆ ಒಂದು ಸೇರಿಸುತ್ತಾರೆ. ಸಾವಿರ ಮತ, ಮೂರು ಸ್ಥಾನ ಎಂದರೆ ಸಾವಿರವನ್ನು ನಾಲ್ಕರಿಂದ ಭಾಗಿಸಿ ಒಂದು ಸೇರಿಸಿ 251. ಗೆಲ್ಲಲು ಅಷ್ಟು ಸಾಕು, ಹೆಚ್ಚಿಗೆ ಬಂದದ್ದು ಮುಂದಿನ ಪ್ರಾಶಸ್ತ್ಯದವರಿಗೆ ಹರಿಯುತ್ತದೆ. ನಾಲ್ಕರಲ್ಲಿ ಒಂದು ಪಾಲಿಗಿಂತ ಒಂದು ಹೆಚ್ಚಿರುವ ಯಾವುದೇ ಕೇರಿಯೂ ತನ್ನವರೊಬ್ಬರನ್ನು ಕಳಿಸಬಹುದು, ಯಾರ ಓಟು ಒಡೆಯಲೆಂದೂ ಕಾಯಬೇಕಾಗಿಲ್ಲ. ಐರ್ಲೆಂಡಿನ ಸ್ಲೈಗೊ ಪಟ್ಟಣದಲ್ಲಿ 1919ರಲ್ಲಿ ಸ್ಥಳೀಯ ಚುನಾವಣೆಗೆ ಈ ಬಗೆಯ ಮತ ತಂದದ್ದು ಅಲ್ಪಸಂಖ್ಯಾತರಿಗೂ ಸಭೆಯಲ್ಲಿ ಜಾಗ ಸಿಗಲೆಂದೇ. ಮರುವರ್ಷ ಐರ್ಲೆಂಡಿಗೆಲ್ಲ ಅದು ಬಂತು. ಅಮೆರಿಕದ ಕೇಂಬ್ರಿಜ್ ನಗರ 1941ರಿಂದ ತನ್ನ ನಗರಸಭೆಯನ್ನು ಹೀಗೇ ಆರಿಸುತ್ತಿದೆ.

ಮೇಷ್ಟ್ರ ಮನೆಗೆ ಹೋಗಿ ಹಾಳೆ ಹರಡಿ ತೋರಿಸಿದೆ. ಅವರು ಬಹಳ ಹೊತ್ತು ಅಂಕಿಗಳನ್ನು ತಿರುಗಿಸಿ ಮುರುಗಿಸಿ ನೋಡಿ, ‘ಹಾಗಾದ್ರೆ ಶುರು ಮಾಡೋದು ಒಂದು ಸೀಟಿನ ವಾರ್ಡಿನಿಂದ ಅಲ್ಲ ಮೇಡಂ, ಇಲ್ಲಿಂದ’ ಎಂದರು. ಅವರ ಮಾತೇ ಸರಿ. ಮೊದಲು ಒಂಟಿ ಸ್ಥಾನದ ಕಡೆ ನೋಡೋಣ, ಸುಲಭ ಎಂದುಕೊಂಡಿದ್ದವಳು ನಾನು. ಈಗ ನನ್ನ ಒತ್ತಾಯ ಹೆಚ್ಚು ಸ್ಥಾನಗಳಿರುವ ವಾರ್ಡಿನಿಂದಲೇ ಪ್ರಾರಂಭವಾಗಲಿ ಎಂಬುದು. ಮೀಸಲು ಸ್ಥಾನಗಳನ್ನು ಕೂಡಿಸಿಕೊಂಡು ಎಣಿಸುವಾಗ ನಿಯಮ ಎಚ್ಚರದಿಂದ ಬರೆಯಬೇಕಾಗುತ್ತದೆ. ಆ ವರ್ಗದ ಸ್ಥಾನ ತುಂಬುವವರೆಗೆ ಆ ವರ್ಗದಲ್ಲಿ ಉಳಿದಿರುವ ಕೊನೆಯ ಅಭ್ಯರ್ಥಿಯನ್ನು ಕೈಬಿಡದಂತೆ ನೋಡಿಕೊಳ್ಳಬೇಕು. ಕಷ್ಟವಿದೆ, ಆಗದ ಕೆಲಸವಲ್ಲ. ದುಡ್ಡು ಹಂಚುವುದು ಇದರಿಂದ ನಿಲ್ಲುತ್ತದೆಂದು ನಾನು ಹೇಳಲಾರೆ. ಅದಕ್ಕೆ ಬೇರೆಯದೇ ಹೋರಾಟ ಬೇಕು.

ದೆಹಲಿಯ ಕಡೆ ನೋಡುತ್ತ ಕೂರುವ ಅಗತ್ಯವಿಲ್ಲ. ಸಂವಿಧಾನದ 243ಕೆ ವಿಧಿಯಂತೆ ಪಂಚಾಯಿತಿ ಚುನಾವಣೆ ರಾಜ್ಯ ಚುನಾವಣಾ ಆಯೋಗದ ಹೊಣೆ, ಕಾನೂನು ಮಾಡುವುದು ರಾಜ್ಯದ ಶಾಸಕಾಂಗ. ಸದಸ್ಯರು ನೇರ ಚುನಾವಣೆಯಿಂದ ಬರಬೇಕೆಂದು ಸಂವಿಧಾನ ಹೇಳುತ್ತದೆ. 1993ರ ನಮ್ಮ ಪಂಚಾಯತ್ ರಾಜ್ ಅಧಿನಿಯಮಕ್ಕೂ ಅದರ ಚುನಾವಣಾ ನಿಯಮಗಳಿಗೂ ತಿದ್ದುಪಡಿ ತಂದರೆ ಪ್ರಾಶಸ್ತ್ಯ ಮತದಿಂದಲೂ ನೇರ ಚುನಾವಣೆ ನಡೆಸಬಹುದು. ಈಗಿನ ಮತಯಂತ್ರದಲ್ಲಿ 1, 2, 3 ಒತ್ತಲಾಗುವುದಿಲ್ಲ ಎಂಬ ಅಡ್ಡಿಯೂ ದೊಡ್ಡದಲ್ಲ. 2020ರಲ್ಲಿ ಬೀದರ್ ಜಿಲ್ಲೆ ಬಿಟ್ಟರೆ ಪಂಚಾಯಿತಿ ಚುನಾವಣೆ ನಡೆದದ್ದು ಕಾಗದದ ಮತಪತ್ರದಲ್ಲೇ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗೆಲ್ಲ ಮತಪತ್ರವೇ ಇರಲಿ ಎಂದು ಶಿಫಾರಸು ಮಾಡಿತು. ಯಂತ್ರ ಮೇಲೋ ಕಾಗದ ಮೇಲೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಕಾಗದವೇ ಆಗುವುದಾದರೆ ಅದರ ಮೇಲೆ ಇನ್ನೆರಡು ಮನೆ ಎಳೆಯಿರಿ ಎಂದಷ್ಟೇ ಕೇಳುತ್ತೇನೆ. 2016ರಲ್ಲಿ ಆರಿಸಿದ್ದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ಕ್ಕೇ ಮುಗಿಯಿತು. ಬೆಂಗಳೂರಿನಲ್ಲಿ 2015ರಲ್ಲಿ ಆರಿಸಿದ್ದ ಪಾಲಿಕೆಯ ಅವಧಿ 2020ರಲ್ಲಿ ಮುಗಿದು, ಈಗ ಒಂದರ ಜಾಗದಲ್ಲಿ ಐದು ಪಾಲಿಕೆಗಳಾಗಿವೆ. ಇಷ್ಟು ವರ್ಷದ ತಡವನ್ನು ಯಾರೂ ಸಮರ್ಥಿಸಲಾಗದು, ಚುನಾವಣೆ ಇನ್ನೂ ತಡವಾಗಲಿ ಎಂದು ನಾನೂ ಕೇಳಲಾರೆ. ಒಂದು ತಾಲ್ಲೂಕಿನ ಪಂಚಾಯಿತಿಗಳಲ್ಲಿ ಮೊದಲು ಮಾಡಿ ನೋಡಲಿ. ಎಣಿಕೆಗೆ ಕರೆದರೆ ನಿವೃತ್ತಳಾದರೂ ಬಂದು ಕೂರುತ್ತೇನೆ.

ಮೊನ್ನೆ ಅವಳು ಮತ್ತೆ ಬಂದಿದ್ದಳು. ಮಗನಿಗೆ ಡಿಪ್ಲೊಮಾ ಸೀಟು ಸಿಕ್ಕಿದೆ, ಸಂಘದ ಪುಸ್ತಕ ಈಗ ಬೇರೆಯವರಿಗೆ ಕೊಟ್ಟಿದ್ದಾಳೆ, ಕೈ ಸ್ವಲ್ಪ ಬಿಡುವಾಗಿದೆ. ಈ ಸಲ ಕಾಫಿ ಕುಡಿದಳು. ‘ಟೀಚರೇ, ನಾಮಪತ್ರ ಹಾಕಲಾ?’ ಎಂದಳು. ಹಾಕು ಎಂದೆ. ವಾಪಸ್ ತೆಗೆದುಕೊಳ್ಳುವ ದಿನ ಬೆಳಿಗ್ಗೆ ಅವಳು ಮತ್ತೆ ಈ ಜಗಲಿಗೆ ಬಂದು ಓಟು ಒಡೀತದಾ ಎಂದು ಕೇಳಿದರೆ, ಅವಳಿಗೆ ಹೇಳಲು ನನ್ನ ಹತ್ತಿರ ಇವತ್ತಿಗೂ ಇರುವುದು 2020ರ ಅದೇ ಲೆಕ್ಕ.